ಕ್ಯಾಟಲನ್ ಉಚ್ಚಾರದ ಆನ್‌ಲೈನ್ ಕೋರ್ಸು: ಐದಕ್ಕೆ ಮೂರೂವರೆ ಸ್ಟಾರ್

ದಾವಣಗೆರೆಯಲ್ಲಿ ಡಿಟಿಪಿ ಅಂಗಡಿ ಇಟ್ಟು ನನಗೆ 22 ವರ್ಷ ಆಯ್ತು. ಮದುವೆ ಕಾರ್ಡು, ಗೃಹಪ್ರವೇಶ, ಶಿವಗಣಾರಾಧನೆ, ಬಿಲ್ ಬುಕ್ಕು, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲ ಇಲ್ಲೇ ಆಗುತ್ತದೆ. ಕನ್ನಡ, ಇಂಗ್ಲಿಷ್ ಜೊತೆಗೆ ಒಮ್ಮೊಮ್ಮೆ ಮರಾಠಿ, ಉರ್ದು ಕಾರ್ಡುಗಳೂ ಬರುತ್ತವೆ. ಸ್ಪೇನಿನ ಬಾರ್ಸಿಲೋನಾ ಕಡೆಯ ಕ್ಯಾಟಲನ್ ಭಾಷೆಯ ಕಾರ್ಡು ಬರುತ್ತದೆ ಅಂತ ಮಾತ್ರ ಕನಸಲ್ಲೂ ಅಂದುಕೊಂಡಿರಲಿಲ್ಲ.

ಬಂದದ್ದು ನಮ್ಮ ಮನೆಯಿಂದಲೇ. ಅಕ್ಕನ ಮಗಳು ಓದಲಿಕ್ಕೆ ಅಂತ ಬಾರ್ಸಿಲೋನಾಕ್ಕೆ ಹೋದವಳು ಅಲ್ಲೇ ಕೆಲಸ ಹಿಡಿದಳು, ಅಲ್ಲೇ ಹುಡುಗನನ್ನೂ ಹುಡುಕಿಕೊಂಡಳು. ಹುಡುಗನ ಊರು ಜಿರೋನಾ, ಬಾರ್ಸಿಲೋನಾದಿಂದ ಉತ್ತರಕ್ಕೆ ನೂರು ಕಿಲೋಮೀಟರ್ ಹತ್ತಿರ. ಮದುವೆ ನವೆಂಬರ್‌ನಲ್ಲಿ, ನಮ್ಮೂರಲ್ಲೇ. ಕಾರ್ಡು ಕನ್ನಡ, ಇಂಗ್ಲಿಷ್, ಕ್ಯಾಟಲನ್ ಮೂರರಲ್ಲೂ ಇರಬೇಕು ಅಂತ ಅವಳ ಹಟ. ಸಾಲದ್ದಕ್ಕೆ, "ಮಾಮ, ಮಂಟಪದಲ್ಲಿ ಮೈಕ್ ಹಿಡಿದು ಅವರ ಮನೆಯವರ ಹೆಸರು ಕರೆಯೋದೂ ನೀನೇ" ಅಂದಳು. ಊರಿನ ಸಭೆ ಸಮಾರಂಭಗಳಲ್ಲಿ ನಿರೂಪಣೆ ಮಾಡುವ ಚಟ ನನಗಿದೆ, ಹಾಗಾಗಿ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಹುಡುಗನ ತಾಯಿ ಕಳಿಸಿದ ಸಾಲುಗಳು ವಾಟ್ಸಾಪ್‌ನಲ್ಲಿ ಬಂದವು. ಕಾಪಿ ಮಾಡಿ ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಗೆ ಹಾಕಿದೆ. ಮೊದಲ ಸಾಲಿನಲ್ಲೇ ಎರಡು ಎಲ್ ಅಕ್ಷರಗಳ ಮಧ್ಯೆ ಒಂದು ಚುಕ್ಕಿ. ಅದೂ ಕೆಳಗಲ್ಲ, ನಡು ಎತ್ತರದಲ್ಲಿ ತೇಲುತ್ತಿತ್ತು. ವಾಟ್ಸಾಪ್‌ನಿಂದ ಕಾಪಿ ಮಾಡಿದಾಗ ಇಂಥ ಕಸ ಬರುವುದು ಮಾಮೂಲು. ಅಳಿಸಿ ಹಾಕಿ, ಪ್ರೂಫ್ ತೆಗೆದು ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು: "ಮಾಮ, ಚುಕ್ಕಿ ಎಲ್ಲಿ?"

ಆ ಚುಕ್ಕಿ ಕಸ ಅಲ್ಲವಂತೆ, ಅಕ್ಷರದ ಭಾಗವಂತೆ. ಸಾಲು ಹೀಗಿದೆ: ಅನ್ಸ್ ಫಾ ಮೋಲ್ತ ಇಲ್ಲುಜಿಓ. ನಿಮ್ಮನ್ನು ಕರೆಯಲು ನಮಗೆ ಬಹಳ ಸಂತೋಷ ಅಂತ ಅರ್ಥ. ಚುಕ್ಕಿ ತೆಗೆದರೆ ಅದು "ಇಲ್ಯುಜಿಓ" ಆಗುತ್ತದೆ, ಅಂಥ ಪದವೇ ಇಲ್ಲ. ಬೇರೆಯವರ ಸಂತೋಷವನ್ನು ಕಸ ಅಂತ ಗುಡಿಸಿ ಹಾಕಿದ್ದೆ. ಅವತ್ತೇ ರಾತ್ರಿ ಕೂತು ಕೋರ್ಸ್ ಹುಡುಕಿದೆ.

ಕನ್ನಡದ ಮೂಲಕ ಕಲಿಸುವುದು ನನಗೆ ಸಿಗಲಿಲ್ಲ. ಫೋನಿನ ಒಂದು ಆ್ಯಪ್‌ನಲ್ಲಿ ಕ್ಯಾಟಲನ್ ಇತ್ತು, ಆದರೆ ಸ್ಪ್ಯಾನಿಷ್ ಗೊತ್ತಿರುವವರಿಗೆ. ಕೊನೆಗೆ ತಗೊಂಡದ್ದು ಇಂಗ್ಲಿಷ್ ಮಾತಾಡುವವರಿಗೆ ಕ್ಯಾಟಲನ್ ಧ್ವನಿ ಮತ್ತು ಸ್ಪೆಲಿಂಗ್ ಮಾತ್ರ ಹೇಳಿಕೊಡುವ ಕೋರ್ಸು. 12 ರೆಕಾರ್ಡ್ ಮಾಡಿದ ಪಾಠ, 64 ಪುಟದ ಪಿಡಿಎಫ್, ಟೀಚರ್ ಜೊತೆ ಅರ್ಧ ಗಂಟೆಯ ನಾಲ್ಕು ವಿಡಿಯೋ ಕ್ಲಾಸು. ನನಗೆ ಬಿದ್ದದ್ದು 3,400 ರೂಪಾಯಿ. ಕೋರ್ಸಿನ ಹೆಸರು ಇಲ್ಲಿ ಹಾಕುವುದಿಲ್ಲ. ಬೈಯುವುದೂ ಸ್ವಲ್ಪ ಇದೆ, ಮತ್ತೆ ಆ ಟೀಚರಮ್ಮ ಒಳ್ಳೆಯವರು. ಇಂಗ್ಲಿಷ್ ಮೂಲಕ ಕಲಿಸುವ ಇಂಥ ಕೋರ್ಸುಗಳನ್ನು ಇನ್ನೂ ಎರಡು ಮೂರು ಇಣುಕಿ ನೋಡಿದೆ, ಎಲ್ಲದರ ಅಚ್ಚೂ ಒಂದೇ.

ಈ ಭಾಷೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಸ್ಪ್ಯಾನಿಷ್‌ನ ಒಂದು ಬಗೆ ಅಲ್ಲ. ಲ್ಯಾಟಿನ್‌ನಿಂದ ಬಂದ ಬೇರೆಯೇ ಭಾಷೆ. ಬಾರ್ಸಿಲೋನಾ, ವೆಲೆನ್ಸಿಯಾ, ಮಯೋರ್ಕಾ ಕಡೆ, ಫ್ರಾನ್ಸಿನ ಒಂದು ಮೂಲೆಯಲ್ಲಿ, ಇಟಲಿಯ ಸಾರ್ಡೀನಿಯಾ ದ್ವೀಪದ ಅಲ್ಗೇರೊ ಅನ್ನುವ ಊರಲ್ಲಿ ಆಡುತ್ತಾರೆ. ಅಂಡೋರಾ ಅನ್ನುವ ಪುಟ್ಟ ದೇಶಕ್ಕೆ ಇದೊಂದೇ ಅಧಿಕೃತ ಭಾಷೆ. ಒಟ್ಟು ಸುಮಾರು ಒಂದು ಕೋಟಿ ಜನ.

ಈಗ ಕೋರ್ಸಿಗೆ ಬರೋಣ. ಮೊದಲ ಪಾಠ ಪ, ತ, ಕ. ಬಾಯಿ ಮುಂದೆ ಒಂದು ತೆಳು ಕಾಗದ ಹಿಡಿಯಿರಿ, ಪ ಅನ್ನಿ, ಕಾಗದ ಅಲ್ಲಾಡಬಾರದು ಅಂತ ಹೇಳುತ್ತಾರೆ. ಅಂಗಡಿ ಬಾಗಿಲು ಅರ್ಧ ಎಳೆದು, ಬಟರ್ ಪೇಪರ್ ತುಂಡು ಹಿಡಿದು "ಪ, ಪ, ಪ" ಅಂತ ಕೂತಿದ್ದೆ. ಕಾಗದ ಅಲ್ಲಾಡಲೇ ಇಲ್ಲ. ಹೆಂಡತಿ ಟಿಫನ್ ಡಬ್ಬಿ ತಂದವಳು ಹತ್ತು ಸೆಕೆಂಡ್ ನೋಡಿ, "ಪ ಆಯ್ತಲ್ಲ, ಈಗ ಫ ಅನ್ನು, ಅಲ್ಲಾಡುತ್ತೆ" ಅಂದಳು. ಅಷ್ಟೇ ವಿಷಯ. ಇಂಗ್ಲಿಷರು ಪದದ ಮೊದಲ ಪ ಅಕ್ಷರವನ್ನು ಉಸಿರು ಸೇರಿಸಿ ಹೇಳುತ್ತಾರೆ, ಅದಕ್ಕೆ ಅವರಿಗೆ ಈ ಕಸರತ್ತು. ನಮಗೆ ಅಲ್ಪಪ್ರಾಣ ಮಹಾಪ್ರಾಣ ಒಂದನೇ ಕ್ಲಾಸಿನಲ್ಲೇ ಮುಗಿದಿದೆ. ಎರಡನೇ ಪಾಠವೂ ಹಾಗೇ. ನಾಲಿಗೆ ತುದಿಯನ್ನು ಹಲ್ಲಿಗೆ ತಾಗಿಸಿ ಅಂತ ಇಪ್ಪತ್ತು ನಿಮಿಷ. ನಮ್ಮ ತ, ದ ಅಂದರೆ ಅದೇ ತಾನೆ? ನಾವು ಮಾಡುವ ತಪ್ಪು ಬೇರೆ. ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ಟ, ಡ ಅನ್ನುತ್ತೇವೆ. ಹುಡುಗನ ಹೆಸರನ್ನು ಇಡೀ ಮನೆ ಆರು ತಿಂಗಳಿಂದ "ಜೋರ್ಡಿ" ಅಂತಿತ್ತು. ಕೊನೆಯದು ಡಿ ಅಲ್ಲ, ದಿ.

ಹೀಗೆ ಮೂರು ಪಾಠ ಸುಮ್ನೆ ಹೋಯ್ತು. ದುಡ್ಡು ಕೊಟ್ಟು ಬರುವುದನ್ನೇ ಕಲಿತ ಹಾಗೆ.

ನಾಲ್ಕನೇ ಪಾಠದಿಂದ ಉಲ್ಟಾ ಕಥೆ ಶುರು. ಆ ಜೋರ್ದಿಯ ಮೊದಲ ಅಕ್ಷರ ನಮ್ಮ ಜ ಅಲ್ಲ. ಪಿಡಿಎಫ್‌ನಲ್ಲಿ ಹೇಳಿದ್ದು: "ಪ್ಲೆಷರ್ ಅನ್ನುವ ಪದದಲ್ಲಿ ಎಸ್ ಹೇಗೋ ಹಾಗೆ." ಸರಿ ಅಂತ ಪ್ಲೆಷರ್ ಅಂದು ನೋಡಿದೆ. ನನ್ನ ಬಾಯಲ್ಲಿ ಬಂದದ್ದು ಶ. ನಮ್ಮ ಅಂಗಡಿ ಹುಡುಗನ ಹತ್ತಿರ ಹೀರೋ ಪ್ಲೆಷರ್ ಗಾಡಿ ಇದೆ, ಅವನನ್ನು ಕೇಳಿದೆ. ಅವನು "ಪ್ಲೆಸರ್" ಅಂದ. ಪಕ್ಕದ ಮೊಬೈಲ್ ಅಂಗಡಿಯವನು "ಪ್ಲೆಜರ್" ಅಂದ. ಒಂದೇ ಗಾಡಿಗೆ ಮೂರು ಉಚ್ಚಾರ, ಮೂರೂ ಇಂಗ್ಲಿಷಿನದಲ್ಲ. ಕೀಲಿ ಕೊಟ್ಟಿದ್ದಾರೆ, ಆದರೆ ಆ ಕೀಲಿಯನ್ನೇ ನಾವು ಕನ್ನಡದ ಬಾಯಲ್ಲಿ ಬಾಗಿಸಿಕೊಂಡಿದ್ದೇವೆ. ಈ ಕೋರ್ಸಿನ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಇಂಗ್ಲಿಷ್ ಓದಲು ಬರೆಯಲು ಬಂದರೆ ಇಂಗ್ಲಿಷ್ ಕಿವಿ ಬಂದ ಹಾಗಲ್ಲ.

"ಸೋಫಾ ಪದದ ಕೊನೆಯ ಸ್ವರದಂತೆ" ಅನ್ನುವುದೂ ಹೀಗೇ. ಇಂಗ್ಲಿಷರು ಸೋಫಾದ ಕೊನೆಯನ್ನು ನುಂಗಿಬಿಡುತ್ತಾರೆ. ನಾವು ಸೋಫಾ ಅಂತ ಬಾಯಿ ತುಂಬಾ ದೀರ್ಘ ಎಳೆಯುತ್ತೇವೆ. ನಾನು ಎರಡು ವಾರ ಪ್ರತಿ ಪದದ ಕೊನೆಗೂ ಆ, ಆ, ಆ ಅಂತ ಎಳೆದೆ. ಎರಡನೇ ವಿಡಿಯೋ ಕ್ಲಾಸಿನಲ್ಲಿ ಟೀಚರಮ್ಮ ಅವರ ಊರಿನ ಹೆಸರು ಹೇಳಿದರು. ನಾನು ಕೇಳಿಸಿಕೊಂಡದ್ದನ್ನು ಹಾಗೇ ಕನ್ನಡದಲ್ಲಿ ಬರೆದೆ: ಬರ್ಸಲೋನ. ಬಾರ್ಸಿಲೋನಾ ಅಲ್ಲ, ಬರ್ಸಲೋನ. "ಮರ" ಅನ್ನುವಾಗ ಕೊನೆಗೆ ಬರುವ ಅ ಇದೆಯಲ್ಲ, ಹೆಚ್ಚು ಕಡಿಮೆ ಅದೇ. ಬರೆದದ್ದನ್ನು ಓದಿ ತೋರಿಸಿದೆ. ಆಯಮ್ಮ ಕ್ಯಾಮೆರಾ ಹತ್ತಿರ ಬಂದು "ಇನ್ನೊಮ್ಮೆ" ಅಂದರು.

ಅವತ್ತಿಂದ ಪಿಡಿಎಫ್‌ನ ಇಂಗ್ಲಿಷ್ ಉದಾಹರಣೆಗಳನ್ನು ಬಿಟ್ಟೆ. 200 ಪುಟದ ಒಂದು ನೋಟ್‌ಬುಕ್ ತಗೊಂಡು ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆಯಲು ಶುರು ಮಾಡಿದೆ. ಕೆಲಸ ಸಲೀಸಾಯ್ತು.

ಒಂದು ಉದಾಹರಣೆ. ಬಾರ್ಸಿಲೋನಾ ಕಡೆಯವರ ಮಾತಿನಲ್ಲಿ ಒತ್ತು ಬೀಳದ, ಅಂದರೆ ಒತ್ತಿ ಹೇಳದ, ಎ (a) ಮತ್ತು ಇ (e) ಅಕ್ಷರಗಳೆರಡೂ ಈ ಸಣ್ಣ ಅ ಆಗುತ್ತವೆ, ಒತ್ತು ಬೀಳದ ಓ (o) ಅಕ್ಷರ ಉ ಆಗುತ್ತದೆ. ಕೋರ್ಸು ಇದಕ್ಕೆ ನಾಲ್ಕು ಪುಟ ತಿಂದಿದೆ. ನಾನು ಬರೆದುಕೊಂಡದ್ದು ಎರಡು ಪದ: ಪಾರ್ಲ, ಪರ್ಲಾ. ಪಾರ್ಲ ಅಂದರೆ ಮಾತಾಡುತ್ತಾನೆ. ಪರ್ಲಾ ಅಂದರೆ ಮಾತಾಡುವುದು. ಒತ್ತು ಎಲ್ಲಿದೆಯೋ ಅಲ್ಲಿ ದೀರ್ಘ ಹಾಕಿದರೆ ಮುಗಿಯಿತು. ಎರಡನೆಯದರ ಸ್ಪೆಲಿಂಗ್‌ನಲ್ಲಿ ಕೊನೆಗೆ ಒಂದು ಆರ್ ಇದೆ, ಅದನ್ನು ಹೇಳುವುದೇ ಇಲ್ಲ. ಬೀದಿಗೆ "ಕರ್ರೇ" ಅನ್ನುತ್ತಾರೆ, ಅದಕ್ಕೂ ಕೊನೆಗೆ ಆರ್ ಉಂಟು, ಬಾಯಲ್ಲಿ ಇಲ್ಲ. ಹೂವಿಗೆ "ಫ್ಲೋ", ಅಲ್ಲೂ ಹಾಗೇ. ಸಮುದ್ರಕ್ಕೆ ಮಾತ್ರ "ಮಾರ್", ಅಲ್ಲಿ ಹೇಳಬೇಕು. ಯಾಕೆ ಅಂತ ಕೇಳಿದರೆ ಬಾಯಿಪಾಠ ಮಾಡಿ ಅನ್ನುತ್ತದೆ ಪಿಡಿಎಫ್.

ಞ ಅಕ್ಷರದ ಕಥೆ ನನಗೆ ಜಾಸ್ತಿ ಖುಷಿ ಕೊಟ್ಟದ್ದು. ವರ್ಣಮಾಲೆಯಲ್ಲಿ ಕಲಿತು, ಆಮೇಲೆ ಜೀವನದಲ್ಲಿ ಒಂಟಿಯಾಗಿ ಯಾವತ್ತೂ ಬರೆಯದ ಅಕ್ಷರ ಅದು. ಟೈಪ್ ಮಾಡುವಾಗ "ಜ್ಞ" ಒತ್ತಿನಲ್ಲಿ ಬರುತ್ತೆ, ಅಲ್ಲೂ ಓದುವುದು ಗ್ನ ಅಂತಲೇ. ಕ್ಯಾಟಲನ್‌ನಲ್ಲಿ ಎನ್ ಮತ್ತು ವೈ ಸೇರಿದರೆ ಅಚ್ಚುಕಟ್ಟಾಗಿ ಞ. ಅವರ ನಾಡಿನ ಹೆಸರನ್ನು ಕತಲೂಞ ಅಂತ ಬರೆದರೆ ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. 22 ವರ್ಷದಲ್ಲಿ ಮೊದಲ ಸಲ ಆ ಕೀಗೆ ಕೆಲಸ ಸಿಕ್ಕಿತು. ಹೇಳಲು ಬರುವುದಿಲ್ಲ ಅನ್ನುವವರು "ಅಂಚು", "ಮಂಚ" ಅಂದು ನೋಡಿ. ಚ ಬರುವ ಮುಂಚೆ ನಾಲಿಗೆ ಎಲ್ಲಿ ಕೂರುತ್ತದೋ ಅದೇ ಜಾಗ.

ಎರಡು ಎಲ್ ಒಟ್ಟಿಗೆ ಬಂದರೆ ಲ್ಯ ಥರ, ಆದರೆ ಲ ಮತ್ತು ಯ ಬೇರೆ ಬೇರೆ ಕೇಳಿಸಬಾರದು. ಒಂದೇ ಏಟಿಗೆ ಬರಬೇಕು. ಹುಡುಗನ ಅಪ್ಪನ ಹೆಸರು ಲ್ಯುಈಸ್. ಪದದ ಮೊದಲಿಗೆ ಬಂದರೆ ಕಷ್ಟವಿಲ್ಲ, ಕೊನೆಗೆ ಬಂದರೆ ಇವತ್ತಿಗೂ ನನಗೆ ಬರುವುದಿಲ್ಲ. ಆ ತೇಲುವ ಚುಕ್ಕಿ ಇರುವುದೇ ಈ ಕಾರಣಕ್ಕೆ. ಚುಕ್ಕಿ ಇದ್ದರೆ ಲ್ಯ ಅಲ್ಲ, ಲ್ಲ. ಅದಕ್ಕೆ ಅವರು ಅವಳಿ ಎಲ್ ಅನ್ನುತ್ತಾರೆ, ಚುಕ್ಕಿಗೆ "ಪುನ್ ಬುಲಾತ್", ಅಂದರೆ ಹಾರಿದ ಚುಕ್ಕಿ. ಬೆಲ್ಲ, ಹಲ್ಲು, ಇಲ್ಲ ಅನ್ನುವ ನಮಗೆ ಇದೇನು ಮಹಾ? ಆದರೆ ಟೀಚರಮ್ಮ ಹೇಳಿದ್ದು, ಬರೆಯುವಾಗ ಎಲ್ಲರೂ ಚುಕ್ಕಿ ಹಾಕುತ್ತಾರೆ, ಮಾತಾಡುವಾಗ ಬಹಳ ಜನ ಒಂದೇ ಲ ಹೇಳಿ ಮುಗಿಸುತ್ತಾರೆ ಅಂತ. ಅವರಿಗಿಂತ ನಾವೇ ಚೆನ್ನಾಗಿ ಹೇಳುತ್ತೇವೆ ಅಂತ ಆಯ್ತು. (ಅವರ ಸಂತೋಷದ ಪದ ಶುರುವಾಗುವುದೇ "ಇಲ್ಲ" ಅಂತ. ಅಕ್ಕನಿಗೆ ಇದು ಹೇಳಿಲ್ಲ, ಅಪಶಕುನ ಅಂತಾಳೆ.)

ಡಿಟಿಪಿಯವರು ಯಾರಾದರೂ ಓದುತ್ತಿದ್ದರೆ: ಆಲ್ಟ್ ಒತ್ತಿ ಹಿಡಿದು ನಂಬರ್ ಪ್ಯಾಡ್‌ನಲ್ಲಿ 0183 ಹೊಡೆದರೆ ಆ ಚುಕ್ಕಿ ಬರುತ್ತದೆ. ಬಾಲ ಇರುವ ಸಿ ಬೇಕಾದರೆ 0231. ಇಂಗ್ಲಿಷ್ ಫಾಂಟ್‌ನಲ್ಲೇ ಇಡಿ. ಮರೆತು ನಮ್ಮ ಹಳೇ ಆಸ್ಕಿ ಕನ್ನಡ ಫಾಂಟ್‌ಗೆ ಬದಲಾಯಿಸಿದರೆ ತಲೆ ಮೇಲೆ ಗೆರೆ ಇರುವ ಅಕ್ಷರಗಳೆಲ್ಲ ಒತ್ತಕ್ಷರ ಆಗಿ ಕೂರುತ್ತವೆ. ಎರಡನೇ ಪ್ರೂಫ್‌ನಲ್ಲಿ ಅದೂ ಆಯ್ತು ನನಗೆ.

ಬಾಲದ ಸಿ ಅಂದರೆ ಸ, ಅಷ್ಟೇ. ಹೈಸ್ಕೂಲ್ ಮೈದಾನದಲ್ಲಿ ಮೆಸ್ಸಿ ಜೆರ್ಸಿ ಹಾಕಿಕೊಂಡು ಓಡುವ ಹುಡುಗರು ಬಾರ್ಸಾ ಅನ್ನುತ್ತಾರಲ್ಲ, ಅದರ ಸ್ಪೆಲಿಂಗ್‌ನಲ್ಲಿ ಇರುವುದು ಇದೇ. ಅದರ ಹೆಸರು ಮುರಿದ ಸಿ.

ಕಷ್ಟದ ಪಾಠ ಏಳನೆಯದು. ಎ, ಏ ಅಂತ ನಮಗಿರುವುದು ಗಿಡ್ಡ ಉದ್ದದ ವ್ಯತ್ಯಾಸ. ಅವರದು ಬಾಯಿ ತೆರೆಯುವುದರ ವ್ಯತ್ಯಾಸ. ಗೆರೆ ಬಲಕ್ಕೆ ವಾಲಿದ್ದರೆ ಬಾಯಿ ಚಿಕ್ಕದು, ಎಡಕ್ಕೆ ವಾಲಿದ್ದರೆ ದೊಡ್ಡದು. ಕೋರ್ಸು ಕೊಡುವ ಇಂಗ್ಲಿಷ್ ಉದಾಹರಣೆ ಬೆಡ್ ಮತ್ತು ಕೆಫೆ. ನಮ್ಮ ಬಾಯಲ್ಲಿ ಎರಡೂ ಒಂದೇ. "ದೇವು" ಅನ್ನುವ ಥರದ ಎರಡು ಪದ ಇವೆ, ಒಂದು ದೇವರು, ಇನ್ನೊಂದು ಹತ್ತು. ನಾನು ಹತ್ತು ಸಲ ಹೇಳಿದರೂ ಹತ್ತು ಸಲವೂ ದೇವರೇ ಬರುತ್ತಿದ್ದ.

ಬಿಡಿಸಿದ್ದು ನಮ್ಮೂರಿನ ಮಾತೇ. ನಾವು ಬರೆಯುವುದು ಬೇಡ, ಮನೆಯಲ್ಲಿ ಅನ್ನುವುದು ಬ್ಯಾಡ. ಬರೆಯುವುದು ಪೇಟೆ, ಅನ್ನುವುದು ಪ್ಯಾಟಿ. "ಬೇಡ" ಅಂದ ಬಾಯಿ ದೇವರದ್ದು. ಅಲ್ಲಿಂದ "ಬ್ಯಾಡ" ಕಡೆ ಹೊರಟು ಅರ್ಧ ದಾರಿಯಲ್ಲಿ ನಿಂತರೆ ಹತ್ತು. ಮೂರನೇ ಕ್ಲಾಸಿನಲ್ಲಿ ಹೀಗೆ ಹೇಳಿ ತೋರಿಸಿದಾಗ ಟೀಚರಮ್ಮ ಸರಿ ಅಂದರು. ಬೆಂಗಳೂರಲ್ಲಿ ಬ್ಯಾಡ ಅಂದರೆ ನಗುತ್ತಾರೆ, ಜಿರೋನಾದಲ್ಲಿ ಮಾರ್ಕ್ಸ್ ಕೊಡುತ್ತಾರೆ.

ನಮ್ಮವರಿಗೆ ಇನ್ನೊಂದು ದೊಡ್ಡ ಗುಂಡಿ ಇದೆ, ಅದರ ಬಗ್ಗೆ ಕೋರ್ಸಿನಲ್ಲಿ ಒಂದು ಸಾಲೂ ಇಲ್ಲ. ಇಂಗ್ಲಿಷರಿಗೆ ಆ ತೊಂದರೆ ಇಲ್ಲವಲ್ಲ, ಯಾಕೆ ಬರೆಯುತ್ತಾರೆ? ನಾವು ವ್ಯಂಜನದಲ್ಲಿ ಪದ ಮುಗಿಸುವವರಲ್ಲ. ಬಸ್ಸು, ಕಾರು, ಪೆನ್ನು, ಕಾರ್ಡು. ಈ ರಿವ್ಯೂನಲ್ಲೇ ನಾನು "ಕೋರ್ಸು" ಅಂತ ಬರೆಯುತ್ತಿದ್ದೇನೆ. ಕ್ಯಾಟಲನ್ ಪದಗಳು ಕಟ್ ಅಂತ ನಿಲ್ಲುತ್ತವೆ. ಗಂಡು ಬೆಕ್ಕಿಗೆ "ಗಾತ್". ನಾನು "ಗಾತು" ಅಂದೆ. ಟೀಚರಮ್ಮ ನಕ್ಕು, ಅದು ಹೆಚ್ಚು ಕಡಿಮೆ ಸ್ಪ್ಯಾನಿಷ್ ಆಯ್ತು ಅಂದರು, ಸ್ಪ್ಯಾನಿಷ್‌ನಲ್ಲಿ ಬೆಕ್ಕು "ಗಾತೊ". ಈ ಎರಡು ಭಾಷೆಗಳ ನಡುವೆ ಇರುವ ಗೆರೆಯ ಮೇಲೇ ನಮ್ಮ ಉಕಾರ ಹೋಗಿ ಕೂರುತ್ತದೆ ನೋಡಿ. ಕ್ಯಾಟಲನ್‌ನವರು ಅಲ್ಲಿ ಸ್ವರ ಬಿಟ್ಟವರು, ನಾವು ಬಿಟ್ಟಲ್ಲೆಲ್ಲ ಸೇರಿಸುವವರು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ, 1939ರಿಂದ ದಶಕಗಟ್ಟಲೆ, ಶಾಲೆ ಕಚೇರಿಗಳಿಂದ ಹೊರಗಿದ್ದ ಭಾಷೆ ಅದು. ಆ ಮನೆಯವರ ಮುಂದೆ ಮೈಕ್‌ನಲ್ಲಿ ಸ್ಪ್ಯಾನಿಷ್ ವಾಸನೆ ಬಂದರೆ ಚೆನ್ನಾಗಿರಲ್ಲ ಅಂತ ಈ ಒಂದು ಉಕಾರಕ್ಕೆ ಒಂದು ತಿಂಗಳು ಕೊಟ್ಟೆ.

ಕೊನೆಯ ವ್ಯಂಜನದಲ್ಲಿ ಇನ್ನೊಂದು ಚಮತ್ಕಾರ. ಬರೆಯುವುದು ದ, ಹೇಳುವುದು ತ. ತಂಪು ಅನ್ನುವುದಕ್ಕೆ "ಫ್ರೆತ್", ಸ್ತ್ರೀಲಿಂಗಕ್ಕೆ "ಫ್ರೆದ". ಅದೇ ಪದದೊಳಗೆ ಮುಂದೆ ಸ್ವರ ಸೇರಿದರೆ ದ ವಾಪಸ್. ಎಸ್ ಅಕ್ಷರವೂ ಅಷ್ಟೇ. ಎರಡು ಸ್ವರದ ನಡುವೆ ಬಿದ್ದರೆ ಜ಼, ನಾವು ಜ ಕೆಳಗೆ ಎರಡು ಚುಕ್ಕಿ ಹಾಕುತ್ತೇವಲ್ಲ, ಅದು. ಮನೆ ಅಂದರೆ "ಕಾಜ಼", ಬೇಟೆ ಅಂದರೆ "ಕಾಸ". ಜ಼ೀರೋವನ್ನು ಜೀರೋ ಅನ್ನುವ ನಮಗೆ ಇದು ಕಷ್ಟ. ಪದಕ್ಕೆ ಪದ ಕೂಡಿದಾಗಲೂ ಹೀಗೇ ಆಗುತ್ತದೆ, "ಅಲ್ಸ್" ಮತ್ತು "ಅಮೀಕ್ಸ್" ಸೇರಿ "ಅಲ್ಜ಼ಮೀಕ್ಸ್", ಸ್ನೇಹಿತರು. ಕೋರ್ಸಿನವರು ಇದನ್ನು ಭಾರೀ ವಿಚಿತ್ರ ಅಂತ ಎರಡು ಪಾಠ ಎಳೆದಿದ್ದಾರೆ. ಹೈಸ್ಕೂಲಿನಲ್ಲಿ ಮಳೆ ಕಾಲ ಸೇರಿ ಮಳೆಗಾಲ, ಆದೇಶ ಸಂಧಿ ಅಂತ ಬರೆದು ಎರಡು ಮಾರ್ಕ್ಸ್ ತಗೊಂಡವರಿಗೆ ವಿಚಿತ್ರ ಏನಿಲ್ಲ. ವಿ ಅಕ್ಷರವನ್ನು ಬಾರ್ಸಿಲೋನಾದವರು ಬ ಅನ್ನುವುದೂ ಅಷ್ಟೇ. ವನ ಬನ ಆಗಿಲ್ವಾ, ವರ್ಣ ಬಣ್ಣ ಆಗಿಲ್ವಾ?

ಸ್ಪೆಲಿಂಗ್ ಪಾಠಗಳು, ಅಂದರೆ ಎಂಟರಿಂದ ಹನ್ನೊಂದು, ನಿಜಕ್ಕೂ ಚೆನ್ನಾಗಿವೆ. ಹೇಳದ ಆರ್ ಅನ್ನು ಯಾಕೆ ಬರೆಯಬೇಕು, ಉ ಅನ್ನುವುದಕ್ಕೆ ಓ ಯಾಕೆ ಬರೆಯಬೇಕು ಅಂತ ನನಗೆ ಕಿರಿಕಿರಿ ಇತ್ತು. ಉತ್ತರ ಸಿಕ್ಕಿತು. ಬಾರ್ಸಿಲೋನಾದವನು ಉ ಅನ್ನುವಲ್ಲಿ ವೆಲೆನ್ಸಿಯಾದವನು ಒ ಅಂತಲೇ ಅನ್ನುತ್ತಾನೆ. ಇವನು ನುಂಗುವ ಆರ್ ಅನ್ನು ಅವನು ಬಾಯಿ ತುಂಬಾ ಹೇಳುತ್ತಾನೆ. ಇಬ್ಬರಿಗೂ ಒಂದೇ ಬರಹ ಬೇಕಿತ್ತು. ಅದಕ್ಕೆ 1913ರಲ್ಲಿ ನಿಯಮಗಳು ಬಂದವು. ಹಿಂದೆ ನಿಂತು ಕೆಲಸ ಮಾಡಿದವರು ಪೊಂಪೇವ್ ಫಾಬ್ರ, 1868ರಲ್ಲಿ ಹುಟ್ಟಿದವರು, ಓದಿದ್ದು ಎಂಜಿನಿಯರಿಂಗ್, ಬಿಲ್ಬಾವೊ ಊರಲ್ಲಿ ಪಾಠ ಮಾಡುತ್ತಿದ್ದದ್ದು ಕೆಮಿಸ್ಟ್ರಿ. ಕೆಮಿಸ್ಟ್ರಿ ಮೇಷ್ಟ್ರು ಒಂದು ಭಾಷೆಯ ಸ್ಪೆಲಿಂಗ್ ನೆಟ್ಟಗೆ ಮಾಡಿದ್ದು ನನಗೆ ಹಿಡಿಸಿತು. ಧಾರವಾಡದವರು, ಮಂಗಳೂರಿನವರು, ನಾವು, ಆಡುವುದು ಒಂದೊಂದು ಥರ, ಕಾರ್ಡಿನಲ್ಲಿ ಅಚ್ಚಾಗುವುದು ಒಂದೇ ಥರ. ನಮ್ಮೂರನ್ನು ದಾವಣ್ಗೆರೆ ಅನ್ನುವವರೂ ದಾವಣಗೆರೆ ಅಂತಲೇ ಬರೆಸುತ್ತಾರೆ. ಇಂಗ್ಲಿಷ್ ಬೋರ್ಡುಗಳಲ್ಲಿ ಮಾತ್ರ ಇವತ್ತಿಗೂ ಎರಡು ಸ್ಪೆಲಿಂಗ್ ಓಡುತ್ತಿವೆ, ಅದಕ್ಕೊಬ್ಬ ಫಾಬ್ರ ಬೇಕು.

ಹುಡುಗನ ಮನೆತನದ ಹೆಸರು ಬಂದದ್ದು ಹತ್ತನೇ ಪಾಠದಲ್ಲಿ. ಪಿ, ಯು, ಐ, ಜಿ. ನಮ್ಮ ಅಂಗಡಿ ಹುಡುಗ ಪ್ರೂಫ್ ನೋಡುವಾಗ "ಪುಯಿಗ್" ಅಂತ ಓದಿದ್ದ. ನಾನು "ಪ್ವೀಗ್" ಅಂದಿದ್ದೆ. ಸರಿಯಾದದ್ದು ಪುಚ್. ಪದದ ಕೊನೆಗೆ ಐ ಮತ್ತು ಜಿ ಸೇರಿದರೆ ಚ್. ಮೇ ತಿಂಗಳು ಮಾಚ್, ಕೆಂಪು ರೋಚ್. ಪುಚ್ ಅಂದರೆ ಗುಡ್ಡ. ಬಾತಿ ಗುಡ್ಡದ ಬುಡದಲ್ಲಿ ಆಡಿ ಬೆಳೆದ ಅಕ್ಕನಿಗೆ "ಬೀಗರೂ ಗುಡ್ಡದೋರೇ" ಅಂದೆ. ಅವಳಿಗೆ ಅಲ್ಲಿಯವರೆಗೆ ಇದ್ದ ಅರ್ಧ ಭಯ ಹೋಯಿತು ಅನ್ನಿಸುತ್ತದೆ.

ಈಗ ಬೈಗುಳ. ಪಿಡಿಎಫ್ ಹಳೆಯದು. ಒಂದೇ ಸ್ಪೆಲಿಂಗ್ ಇರುವ ಪದಗಳನ್ನು ಬೇರೆ ಮಾಡಲು ಮೊದಲು ಸುಮಾರು 150 ಪದಗಳ ಮೇಲೆ ಗೆರೆ ಹಾಕುತ್ತಿದ್ದರು. 2016ರಲ್ಲಿ ಅವರ ಭಾಷಾ ಸಂಸ್ಥೆ ಅದನ್ನು 15ಕ್ಕೆ ಇಳಿಸಿತು. ದೇವರ ಗೆರೆ ಉಳಿಯಿತು. ಹೆಂಗಸು ಮತ್ತು "ಕೊಡುತ್ತಾನೆ" ಎರಡಕ್ಕೂ ದೋನ ಅನ್ನುವ ಒಂದೇ ಸ್ಪೆಲಿಂಗ್, ಮೊದಲು ಎರಡನೆಯದಕ್ಕೆ ಗೆರೆ ಇತ್ತು, ಈಗ ಇಲ್ಲ. ಕೋರ್ಸಿನವರು ಇದನ್ನು ಬದಲಾಯಿಸಿಲ್ಲ. ನನಗೇನು ಗೊತ್ತು? ಕಾರ್ಡಿನ ಕೊನೆಯ ಸಾಲಿನಲ್ಲಿ "ನಮ್ಮ ಮನೆತನ ನಿಮಗೆ ಸ್ವಾಗತ ಕೊಡುತ್ತದೆ" ಅನ್ನುವ ಅರ್ಥದ ಮಾತಿತ್ತು. ಬೀಗಿತ್ತಿ ಗೆರೆ ಹಾಕಲು ಮರೆತಿದ್ದಾರೆ ಅಂತ ನಾನೇ ಹಾಕಿ, "ತಿದ್ದಿದ್ದೇನೆ" ಅಂತ ಹೆಮ್ಮೆಯಿಂದ ಕಳಿಸಿದೆ. ಅವರ ಉತ್ತರ ಬಂತು: ಈಗ ಬೇಡ, ಆದರೆ ನಾನು ಶಾಲೆಯಲ್ಲಿ ಕಲಿತದ್ದು ಹೀಗೇ, ನೋಡಿ ಖುಷಿ ಆಯ್ತು ಅಂತ. ಹುಟ್ಟಿದಾಗಿನಿಂದ ಆ ಭಾಷೆ ಆಡುವವರನ್ನು ಪಿ.ಜೆ. ಬಡಾವಣೆಯ ಡಿಟಿಪಿಯವನು ತಿದ್ದಿದ್ದು ಅಂತ ಮನೆಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ. ಕೋರ್ಸಿನವರಿಗೆ ಇಮೇಲ್ ಬರೆದೆ. ಒಂಬತ್ತು ದಿನ ಬಿಟ್ಟು "ನಿಮ್ಮ ಸಲಹೆಗೆ ಧನ್ಯವಾದ" ಅಂತ ಒಂದು ಸಾಲು ಬಂತು. ಪಿಡಿಎಫ್ ಹಾಗೇ ಇದೆ.

ಇನ್ನೊಂದು ಸಣ್ಣದು. ಒಂಬತ್ತನೇ ಪಾಠದ ಆಡಿಯೋದಲ್ಲಿ ಒಬ್ಬರು ಬಾರ್ಸಿಲೋನಾದ ಥರ, ಇನ್ನೊಬ್ಬರು ವೆಲೆನ್ಸಿಯಾದ ಥರ ಓದುತ್ತಾರೆ. ಹೇಳಿ ಓದಿಸಿದ್ದರೆ ಒಳ್ಳೆಯದೇ ಇತ್ತು. ಹೇಳಿಲ್ಲ. ಯಾರದ್ದು ಸರಿ ಅಂತ ಒಂದು ಇಡೀ ಭಾನುವಾರ ತಲೆ ಕೆಡಿಸಿಕೊಂಡೆ.

ಮೂರೂವರೆ ಸ್ಟಾರ್‌ನಲ್ಲಿ ಎರಡು ಆ ವಿಡಿಯೋ ಕ್ಲಾಸುಗಳಿಗೆ. ಜೂನ್‌ನಲ್ಲಿ ಅವರಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ಅವರ ಸಂಜೆ ಆರು ನಮಗೆ ರಾತ್ರಿ ಒಂಬತ್ತೂವರೆ, ಅಂಗಡಿ ಮುಚ್ಚಿದ ಮೇಲೆ ಸರಿಯಾಗಿ ಹೊಂದುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ಟೀಚರಮ್ಮ ಒಂದು ನಾಲಿಗೆ ಹೊರಳುವ ಸಾಲು ಕೊಟ್ಟರು. ಸೆದ್ಜ಼ ಜುಜ್ಜಸ್ ದುನ್ ಜುಜ್ಜಾತ್, ಮೆಂಜನ್ ಫೆಜ್ಜ ದುನ್ ಪಂಜಾತ್. ಒಂದು ಕೋರ್ಟಿನ ಹದಿನಾರು ಜಡ್ಜುಗಳು ನೇಣಿಗೆ ಹಾಕಿದವನ ಲಿವರ್ ತಿನ್ನುತ್ತಾರೆ ಅಂತ ಅರ್ಥ. ಫ್ರಾಂಕೋ ಇನ್ನೂ ಇದ್ದಾಗ, 1961ರಲ್ಲಿ, ನಾವು ಕ್ಯಾಟಲನ್‌ನಲ್ಲೇ ಹಾಡುತ್ತೇವೆ ಅಂತ ಹೊರಟ ಗಾಯಕರ ಗುಂಪು "ಹದಿನಾರು ಜಡ್ಜುಗಳು" ಅಂತಲೇ ಹೆಸರಿಟ್ಟುಕೊಂಡಿತ್ತಂತೆ. ಸಾಲು ನಾನು ಮೇಲೆ ಬರೆದದ್ದು ಪೂರ್ತಿ ಸರಿ ಇಲ್ಲ. ಅದರಲ್ಲಿ ನಾವು ಜ ಬರೆಯುವ ಎಂಟು ಜಾಗ ಇವೆ, ಮೂರು ಬೇರೆ ಬೇರೆ ಧ್ವನಿ ಇವೆ. ನಾಲ್ಕು ಕಡೆ ಆ ಪ್ಲೆಷರ್ ಧ್ವನಿ, ಮೂರು ಕಡೆ ನಮ್ಮ ಜ, ಒಂದು ಕಡೆ ದ ಸೇರಿದ ಜ಼. ಹೇಳುವಾಗ ನಾನು ಎಂಟಕ್ಕೂ ಒಂದೇ ಜ ಹೊಡೆದೆ, ಪಾನ್ ಅಂಗಡಿಯವನು ಎಲ್ಲಾ ಎಲೆಗೂ ಒಂದೇ ಸುಣ್ಣ ಬಳಿದ ಹಾಗೆ.

ಪ್ಲೆಷರ್ ಧ್ವನಿ ಕೊನೆಗೂ ಬಂದದ್ದು ಹೀಗೆ. ಗಂಟಲ ಮೇಲೆ ಕೈ ಇಟ್ಟು ಉದ್ದಕ್ಕೆ "ಶ್‌ಶ್‌ಶ್" ಅನ್ನಬೇಕು, ನಾಲಿಗೆ ಅಲ್ಲಾಡಿಸದೆ ಗಂಟಲನ್ನು ಮಾತ್ರ ಗುಂಯ್ ಅನ್ನಿಸಬೇಕು. ಜೇನ್ನೊಣದ ಥರ ಕೇಳಿಸುತ್ತದೆ. ಇದನ್ನು ಹೇಳಿಕೊಟ್ಟದ್ದು ಟೀಚರಮ್ಮ, ಪಿಡಿಎಫ್ ಅಲ್ಲ. ಮಧ್ಯೆ ಕರೆಂಟ್ ಹೋಯ್ತು. ಕತ್ತಲಲ್ಲಿ ಮೊಬೈಲ್ ಹಿಡಿದು ಗಂಟಲು ಮುಟ್ಟಿಕೊಂಡು ಗುಂಯ್ ಅನ್ನುತ್ತಿದ್ದೆ, ಬೀಟ್ ಪೊಲೀಸು ಬಾಗಿಲಿಗೆ ಟಾರ್ಚ್ ಬಿಟ್ಟು ನೋಡಿ ಹೋದ.

ಬದಲಿಗೆ ನಾನೂ ಒಂದು ಕೊಟ್ಟೆ: ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯುತ್ತಿತ್ತು. ಆಯಮ್ಮ ಎರಡನೇ ಸಲಕ್ಕೇ ಹೇಳಿಬಿಟ್ಟರು. ಅವರಿಗೆ ರ ಎರಡು ಥರ ಇದೆ, ಮೆಲ್ಲಗೆ ತಾಗುವ ರ, ಗುಡುಗುವ ರ್ರ. "ಪಾರ" ಅಂದರೆ ನಿಲ್ಲಿಸುತ್ತಾನೆ, "ಪಾರ್ರ" ಅಂದರೆ ದ್ರಾಕ್ಷಿ ಬಳ್ಳಿ. ನಮ್ಮಲ್ಲೂ ಹಳಗನ್ನಡದಲ್ಲಿ ಎರಡು ರ ಇದ್ದವು, ಒಂದು ಹೋಯ್ತು ಅಂದೆ. "ಯಾಕೆ ಬಿಟ್ಟಿರಿ?" ಅಂತ ಕೇಳಿದರು. ನನಗೇನು ಗೊತ್ತು, ನಾನು ಬರುವ ಮುಂಚೆಯೇ ಹೋಗಿತ್ತು ಅಂದೆ. ಆಮೇಲೆ "ಮಗಳು" ಹೇಳಿ ಅಂದೆ. ಳ ಬರಲೇ ಇಲ್ಲ. ಅರ್ಧ ಗಂಟೆಯ ಕ್ಲಾಸು ಐವತ್ತು ನಿಮಿಷ ಆಯ್ತು, ಜಾಸ್ತಿ ದುಡ್ಡು ಕೇಳಲಿಲ್ಲ.

ತಗೊಳ್ಳಬೇಕಾ? ಪೂರ್ತಿ ಭಾಷೆ ಕಲಿಯುವವರಿಗೆ ಕತಲೂಞ ಸರ್ಕಾರದ್ದೇ ಪಾರ್ಲಾ ಕ್ಯಾಟ್ ಅನ್ನುವ ವೆಬ್‌ಸೈಟ್ ಇದೆ, ಟೀಚರ್ ಇಲ್ಲದೆ ತಾವೇ ಕಲಿಯುವುದಾದರೆ ಉಚಿತ. ಒಂದೊಂದೇ ಪದದ ಉಚ್ಚಾರ ಬೇಕಾದರೆ ಫೋರ್ವೋ ಅನ್ನುವ ವೆಬ್‌ಸೈಟ್‌ನಲ್ಲಿ ಅಲ್ಲಿಯವರೇ ಹೇಳಿದ್ದು ಸಿಗುತ್ತದೆ, ಹೆಸರುಗಳನ್ನೆಲ್ಲ ನಾನು ಅಲ್ಲೇ ತಾಳೆ ನೋಡಿದೆ. ನನ್ನ ಹಾಗೆ ಹೆಸರು ಮತ್ತು ಸ್ಪೆಲಿಂಗ್ ಮಾತ್ರ ಸರಿ ಮಾಡಿಕೊಳ್ಳಬೇಕು, ಎದುರಿಗೆ ಕೂತು ತಿದ್ದುವವರು ಬೇಕು ಅಂದರೆ ಇಂಥ ಕೋರ್ಸ್ ತಗೊಳ್ಳಬಹುದು. ಮೊದಲ ಮೂರು ಪಾಠ ನೋಡಬೇಡಿ. ಏಳನೆಯದನ್ನು ಮನೆಯಲ್ಲಿ ಬ್ಯಾಡ ಅನ್ನುವವರ ಪಕ್ಕ ಕೂತು ನೋಡಿ. ವಿಡಿಯೋ ಕ್ಲಾಸುಗಳನ್ನು ಮೊದಲೇ ಮುಗಿಸಿಬಿಡಬೇಡಿ, ಎಂಟನೇ ಪಾಠ ಆದ ಮೇಲೆ ಎರಡನ್ನಾದರೂ ಇಟ್ಟುಕೊಳ್ಳಿ. ನನ್ನ ನೋಟ್‌ಬುಕ್ ಬೇಕಾದವರು ಅಂಗಡಿಗೆ ಬಂದರೆ ಜೆರಾಕ್ಸ್ ಕೊಡುತ್ತೇನೆ, ಪುಟಕ್ಕೆ ಒಂದು ರೂಪಾಯಿ.

ಪಿಡಿಎಫ್ ತಗೊಂಡವರು 41ನೇ ಪುಟ ತೆಗೆಯಿರಿ. ಕರಡಿಗೂ ಮೂಳೆಗೂ ಒಂದೇ ಸ್ಪೆಲಿಂಗ್, ಅಲ್ಲಿ ಕರಡಿಗೆ ಗೆರೆ ಇದೆ, ಮೂಳೆಗೆ ಇಲ್ಲ. ಈಗ ಕರಡಿಗೂ ಇಲ್ಲ, ಪೆನ್ನು ತಗೊಂಡು ಹೊಡೆದುಹಾಕಿ.